ಐದು ಕಾವಲಿದ್ದೂ ಬಾಗಿಲು ತೆರೆದಿತ್ತು

ಕಂಪ್ಯೂಟರಿನಲ್ಲಿ ಏನನ್ನಾದರೂ ಅಳಿಸಲು ಹೊರಟರೆ ಅದು ಸಾಮಾನ್ಯವಾಗಿ ‘ನಿಜವಾಗಿಯೂ ಅಳಿಸಬೇಕೆ?’ ಎಂದು ಕೇಳುತ್ತದೆ. ಪರಿಣತರು ಬಳಸುವ ಒಂದು ಆಜ್ಞೆ ಮಾತ್ರ ಹಾಗೆ ಕೇಳುವುದಿಲ್ಲ. ಹೇಳಿದ್ದನ್ನು ಮಾಡಿ ಮುಗಿಸುತ್ತದೆ. 2017ರ ಜನವರಿ 31ರ ರಾತ್ರಿ, ಗ್ರೀನಿಚ್ ಕಾಲಮಾನದಂತೆ 11.30ರ ಸುಮಾರಿಗೆ, ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಈ ಆಜ್ಞೆ ಕೊಟ್ಟರು. ತಪ್ಪು ಯಂತ್ರಕ್ಕೆ ಕೊಟ್ಟೆನೆಂದು ಹೊಳೆದು ತಡೆಯುವ ಹೊತ್ತಿಗೆ ಒಂದೆರಡು ಸೆಕೆಂಡು ಕಳೆದಿತ್ತು. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್ ಮಾಹಿತಿ ಹೋಗಿತ್ತು.

ಗಿಟ್‌ಲ್ಯಾಬ್ ಎಂಬುದು ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸವನ್ನು ಜೋಪಾನವಾಗಿಟ್ಟು, ಹಲವರು ಕೂಡಿ ತಿದ್ದುವ ತಾಣ. 2011ರಲ್ಲಿ ಉಕ್ರೇನಿನಲ್ಲಿ ಹುಟ್ಟಿದ ತಂತ್ರಾಂಶ ಅದರ ಮೂಲ. ಯಾರ ಖಾತೆ ಯಾವುದು, ಯಾವ ಯೋಜನೆ ಯಾರದು, ಯಾರು ಯಾವ ಟಿಪ್ಪಣಿ ಬರೆದರು ಎಂಬ ಲೆಕ್ಕವೆಲ್ಲ ಇರುವ ಖಾತೆಪುಸ್ತಕವೇ ಡೇಟಾಬೇಸ್. ಅದು ಎರಡು ಯಂತ್ರಗಳಲ್ಲಿತ್ತು. ಮೊದಲನೆಯದರಲ್ಲಿ ಬರೆದದ್ದನ್ನೆಲ್ಲ ಎರಡನೆಯದು ಆಗಿಂದಾಗಲೇ ನಕಲು ಮಾಡಿಕೊಳ್ಳುತ್ತಿತ್ತು.

ಆ ಸಂಜೆ ಡೇಟಾಬೇಸಿನ ಮೇಲೆ ಹೊರೆ ಏರಿತು. ನಕಲು ಯಂತ್ರ ಹಿಂದೆ ಬಿದ್ದು ಕೊನೆಗೆ ನಿಂತೇಹೋಯಿತು. ಅದನ್ನು ಖಾಲಿ ಮಾಡಿ ಮೊದಲಿನಿಂದ ತುಂಬಿಸುವುದೊಂದೇ ದಾರಿ. ಆದರೆ ತುಂಬಿಸುವ ಸಾಧನ ಚಾಲೂ ಮಾಡಿದರೆ ಅದು ಸದ್ದಿಲ್ಲದೆ ಕುಳಿತಿತು. ಅಸಲಿಗೆ ಅದು ಕೆಟ್ಟಿರಲಿಲ್ಲ, ಮೊದಲ ಯಂತ್ರದಿಂದ ಮಾಹಿತಿ ಬರಲೆಂದು ಕಾಯುತ್ತಿತ್ತು. ಹಾಗೆ ಕಾಯುವುದು ಅದರ ಸ್ವಭಾವ ಎಂಬ ಸಂಗತಿ ಸಂಸ್ಥೆಯ ಕೈಪಿಡಿಯಲ್ಲಿ ಇರಲಿಲ್ಲ. ಹಳೆಯ ಕಡತಗಳೇ ಅಡ್ಡ ಬಂದಿರಬೇಕೆಂದು ಎಂಜಿನಿಯರ್ ಭಾವಿಸಿದರು. ನಕಲು ಯಂತ್ರವನ್ನು ಗುಡಿಸಿಹಾಕಲು ಮುಂದಾದರು. ಎರಡೂ ಯಂತ್ರಗಳ ಹೆಸರಿನಲ್ಲಿದ್ದ ವ್ಯತ್ಯಾಸ ಒಂದೇ ಅಂಕಿ: ಒಂದು, ಎರಡು. ಅವರು ಗುಡಿಸಿದ್ದು ಒಂದನೆಯದನ್ನು.

ಇಲ್ಲಿಯವರೆಗಿನದು ನಡುರಾತ್ರಿ ದಣಿದ ಯಾರಿಗಾದರೂ ಆಗಬಹುದಾದ ಪ್ರಮಾದ. ನಿಜವಾದ ಆಘಾತ ಕಾದಿದ್ದುದು ಮುಂದೆ. ಪ್ರತಿಗಳಿವೆಯಲ್ಲ, ತಂದು ಹಾಕಿದರಾಯಿತು ಎಂದು ಹುಡುಕಿದರೆ ಒಂದೊಂದೇ ಬಾಗಿಲು ಮುಚ್ಚಿಕೊಳ್ಳುತ್ತ ಹೋಯಿತು. ನಕಲು ಯಂತ್ರವಂತೂ ಆಗಲೇ ಖಾಲಿ. ದಿನಕ್ಕೊಮ್ಮೆ ಪ್ರತಿ ತೆಗೆದು ದೂರದ ಸಂಗ್ರಹಾಗಾರಕ್ಕೆ ಕಳಿಸುವ ಏರ್ಪಾಡಿತ್ತು. ಸಂಗ್ರಹಾಗಾರ ತೆರೆದು ನೋಡಿದರೆ ಅಲ್ಲಿ ಏನೂ ಇಲ್ಲ! ಡೇಟಾಬೇಸ್ 9.6ನೇ ಆವೃತ್ತಿಯದು, ಪ್ರತಿ ತೆಗೆಯುವ ಸಾಧನ 9.2ನೆಯದು. ಎರಡಕ್ಕೂ ಹೊಂದಾಣಿಕೆಯಾಗದೆ ಪ್ರತಿದಿನ ವಿಫಲವಾಗುತ್ತಿತ್ತು. ವಿಫಲವಾದಾಗ ಎಚ್ಚರಿಕೆಯ ಇ-ಮೇಲ್ ಹೊರಡುತ್ತಿತ್ತು ನಿಜ. ಆದರೆ ಅದಕ್ಕೆ ಬೇಕಾದ ದೃಢೀಕರಣವಿಲ್ಲದ ಕಾರಣ ಬರುವ ದಾರಿಯಲ್ಲೇ ತಿರಸ್ಕೃತವಾಗುತ್ತಿತ್ತು. ಯಂತ್ರಗಳನ್ನು ಬಾಡಿಗೆಗೆ ಪಡೆದಿದ್ದ ಮೈಕ್ರೋಸಾಫ್ಟಿನ ಅಜೂರ್ ಸೇವೆಯಲ್ಲಿ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯುವ ಸೌಲಭ್ಯವೂ ಇತ್ತು. ಅದನ್ನು ಬೇರೆ ಯಂತ್ರಗಳಿಗೆ ಜೋಡಿಸಲಾಗಿತ್ತು, ಡೇಟಾಬೇಸಿಗೆ ಜೋಡಿಸಿರಲಿಲ್ಲ. ಐದು ಬಗೆಯ ಕಾವಲಿನಲ್ಲಿ ಒಂದೂ ನೆಚ್ಚುವಂತಿಲ್ಲ ಎಂದು ಸಂಸ್ಥೆಯೇ ಆ ರಾತ್ರಿಯ ಟಿಪ್ಪಣಿಯಲ್ಲಿ ಒಪ್ಪಿಕೊಂಡಿತು.

ಉಳಿಸಿದ್ದು ಅದೃಷ್ಟ. ಅಪಘಾತಕ್ಕೆ ಸುಮಾರು 6 ಗಂಟೆ ಮೊದಲು ಅದೇ ಎಂಜಿನಿಯರ್ ಬೇರೊಂದು ಪ್ರಯೋಗಕ್ಕಾಗಿ ಕೈಯಾರೆ ಡೇಟಾಬೇಸಿನ ಪ್ರತಿಯೊಂದನ್ನು ತೆಗೆದು ಪರೀಕ್ಷಾ ಯಂತ್ರಕ್ಕೆ ಹಾಕಿದ್ದರು. ಇಲ್ಲವಾದರೆ ದಿನಕ್ಕೊಮ್ಮೆ ತೆಗೆಯುವ ಹಳೆಯ ಪ್ರತಿಯೇ ಗತಿಯಾಗುತ್ತಿತ್ತು. ಪರೀಕ್ಷಾ ಯಂತ್ರದ ಡಿಸ್ಕುಗಳು ಮಂದಗತಿಯವು. ಹೀಗಾಗಿ ತಾಣ ಮತ್ತೆ ತೆರೆದದ್ದು ಫೆಬ್ರುವರಿ 1ರ ಸಂಜೆ, ಸುಮಾರು 18 ಗಂಟೆಗಳ ಬಳಿಕ. ಬಳಕೆದಾರರು ಬರೆದಿಟ್ಟ ಪ್ರೋಗ್ರಾಂಗಳು ಬೇರೆಡೆ ಇದ್ದುದರಿಂದ ಉಳಿದವು. ನಡುವಿನ ಆರೇಳು ಗಂಟೆಗಳ ಲೆಕ್ಕ ಮಾತ್ರ ಮರಳಲಿಲ್ಲ. ಸಂಸ್ಥೆಯ ಅಂದಾಜಿನಂತೆ 5,000 ಯೋಜನೆಗಳು, 5,000 ಟಿಪ್ಪಣಿಗಳು, 700 ಹೊಸ ಖಾತೆಗಳ ದಾಖಲೆ ನಷ್ಟವಾಯಿತು.

ಇಂಥ ಅದೃಷ್ಟ ಇದೇ ಮೊದಲೇನಲ್ಲ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ‘ಟಾಯ್ ಸ್ಟೋರಿ 2’ ಚಿತ್ರದ ಬಹುಭಾಗ ಅದೇ ಬಗೆಯ ಆಜ್ಞೆಗೆ ಬಲಿಯಾಯಿತು. ಅಲ್ಲಿಯೂ ಬ್ಯಾಕಪ್ ಕೈಕೊಟ್ಟಿತ್ತು. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರವನ್ನು ಬದುಕಿಸಿತು. ಅದನ್ನು ಕಂಬಳಿ ಸುತ್ತಿ ಕಾರಿನಲ್ಲಿ ತಂದರಂತೆ!

ಗಿಟ್‌ಲ್ಯಾಬ್ ಪ್ರಕರಣ ಇತಿಹಾಸದಲ್ಲಿ ಉಳಿದದ್ದು ನಷ್ಟದ ಗಾತ್ರದಿಂದಲ್ಲ. ಇಂಥದ್ದು ನಡೆದಾಗ ‘ತಾಂತ್ರಿಕ ದೋಷ’ ಎಂಬ ಎರಡು ಪದ ಹೇಳಿ ಬಾಗಿಲು ಹಾಕಿಕೊಳ್ಳುವುದು ವಾಡಿಕೆ. ಇವರು ದುರಸ್ತಿಯ ಟಿಪ್ಪಣಿಗಳನ್ನು ಆಗಿಂದಾಗಲೇ ಬಹಿರಂಗವಾಗಿ ಬರೆದರು, ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರು. ಒಂದು ಹಂತದಲ್ಲಿ ಸುಮಾರು 5,000 ಮಂದಿ ಅದನ್ನು ನೋಡುತ್ತಿದ್ದರು. ಎಂಜಿನಿಯರನ್ನು ಕೆಲಸದಿಂದ ತೆಗೆಯಲಿಲ್ಲ.

ಹತ್ತು ದಿನಗಳ ನಂತರ ಹೊರಬಂದ ವರದಿ ‘ಯಾರು ಮಾಡಿದರು’ ಎಂದು ಕೇಳದೆ ‘ಏಕೆ ಆಯಿತು’ ಎಂದು ಕೇಳುತ್ತ ಹೋಗುತ್ತದೆ. ಪ್ರತಿಗಳು ಸರಿಯಿವೆಯೇ ಎಂದು ಆಗಾಗ ಪರೀಕ್ಷಿಸಲಿಲ್ಲವೇಕೆ? ಅದು ಯಾರೊಬ್ಬರ ಜವಾಬ್ದಾರಿಯೂ ಆಗಿರಲಿಲ್ಲ, ಆದ್ದರಿಂದ ಯಾರೂ ಪರೀಕ್ಷಿಸಲಿಲ್ಲ ಎಂಬುದು ವರದಿಯ ಉತ್ತರ. ಆ ಕೆಲಸಕ್ಕೆ ಒಬ್ಬರನ್ನು ಹೊಣೆ ಮಾಡುವುದು, ಪ್ರತಿಯಿಂದ ಡೇಟಾಬೇಸನ್ನು ಮರಳಿ ಕಟ್ಟಿ ನೋಡುವ ಪರೀಕ್ಷೆ ತಾನಾಗಿ ನಡೆಯುವಂತೆ ಮಾಡುವುದು ಎಂದು ತೀರ್ಮಾನವಾಯಿತು. ಇನ್ನೊಂದು ಸಲಹೆಗೆ ಹೆಚ್ಚು ಖರ್ಚೂ ಇರಲಿಲ್ಲ: ಕೆಲಸ ಮಾಡುವವರ ಪರದೆಯ ಮೇಲೆ ಯಂತ್ರದ ಪೂರ್ತಿ ಹೆಸರು ಕಾಣಬೇಕು, ಅಸಲಿ ಯಂತ್ರಕ್ಕೆ ಕೆಂಪು, ಪರೀಕ್ಷಾ ಯಂತ್ರಕ್ಕೆ ಹಳದಿ.