ಥರ್ಮಾಮೀಟರ್ ಹೊತ್ತುಕೊಂಡು ಡೇರೆ ಹಾಕಿದವರು (ನಮ್ಮ ಸೀಮೆ ಚರಿತ್ರೆ, ಭಾಗ 7)

ಡಿಸೆಂಬರ್ ಕ್ಯಾಂಪಿಗೆ ಯಾವ ಥರ್ಮಾಮೀಟರ್ ತಗೊಳ್ಳೋದು ಅಂತ ನಮ್ಮ ಗ್ರೂಪಲ್ಲಿ ಮೂರು ದಿನದಿಂದ ಜಗಳ. "ಫೋನಲ್ಲೇ ಬರುತ್ತಲ್ಲ" ಅನ್ನೋರು ಒಂದು ಕಡೆ, ಸಿಕ್ಕಿದ್ದರಲ್ಲಿ ದುಬಾರಿಯದ್ದೇ ಬೇಕು ಅನ್ನೋರು ಇನ್ನೊಂದು ಕಡೆ. ಆದರೆ ಮೈಸೂರು ಸೀಮೆಯಲ್ಲಿ ಡೇರೆ ಹಾಕ್ಕೊಂಡು ಥರ್ಮಾಮೀಟರ್ ಹೊತ್ತು ತಿರುಗಿದವರ ಕಥೆ ಇನ್ನೂರು ವರ್ಷಕ್ಕಿಂತ ಹಳೇದು ಕಣ್ರೋ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಅನ್ನೋ ಸೇನಾಧಿಕಾರಿ ಬೆಂಗಳೂರಿನ ಹತ್ತಿರ 7 ಮೈಲಿಗೂ ಉದ್ದದ ಒಂದು ನೇರ ಗೆರೆ ಅಳೆದ. ಮೈಸೂರು ಸೀಮೆಯನ್ನ ತ್ರಿಕೋನಗಳಲ್ಲಿ ಅಳೆಯುತ್ತಾ ಪಶ್ಚಿಮ ಕರಾವಳಿವರೆಗೆ ಹೋದ ಸರ್ವೆ ಶುರುವಾಗಿದ್ದು ಹೀಗೆ. ಅಳತೆಗೆ ಇದ್ದದ್ದು 100 ಅಡಿಯ ಉಕ್ಕಿನ ಸರಪಳಿ. ಉಕ್ಕು ಬಿಸಿಲಿಗೆ ಹಿಗ್ಗುತ್ತೆ. 10 ಡಿಗ್ರಿ ಹೆಚ್ಚಾದರೆ 100 ಅಡಿಗೆ ಸುಮಾರು 3.5 ಮಿಲಿಮೀಟರ್ ಅಷ್ಟೇ. ಆದ್ರೆ 7 ಮೈಲಿಗೆ ಲೆಕ್ಕ ಹಾಕಿ ನೋಡಿ, ಒಂದು ಮೀಟರ್‌ಗೂ ಜಾಸ್ತಿ!

ಅದಕ್ಕೇ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಅಳೆಯುವಾಗ ಸರಪಳಿಯನ್ನ ಮರದ ಉದ್ದ ಪೆಟ್ಟಿಗೆಗಳಲ್ಲಿ ಮಲಗಿಸಿ, ಪ್ರತಿ ಪೆಟ್ಟಿಗೆಯಲ್ಲೂ ಒಂದೊಂದು ಥರ್ಮಾಮೀಟರ್ ಇಟ್ಟಿದ್ರು. ಸುಮಾರು 400 ಸಲ ಸರಪಳಿ ಎಳೆದಿದ್ದಾರೆ, ಪ್ರತಿ ಸಲವೂ ಉಷ್ಣಾಂಶ ಬರೆದಿದ್ದಾರೆ. 57 ದಿನ! ನಮಗೆ ಒಂದು ಪ್ರಾಕ್ಟಿಕಲ್ ರೆಕಾರ್ಡ್ ಬರೆಯೋಕೇ ಆಗಲ್ಲ.

ಆತನಿಗೆ ಬೇಕಿದ್ದದ್ದು ಊರಿನ ಹವೆಯಲ್ಲ, ಸರಪಳಿಯ ಬಿಸಿ. ಹಾಗಾಗಿ ಥರ್ಮಾಮೀಟರ್ ಸರಪಳಿ ಪಕ್ಕದಲ್ಲೇ ಇತ್ತು. ನಾವು ಕೇಳ್ಕೋಬೇಕಾದ್ದೂ ಇದೇ: ಯಾವುದರ ಬಿಸಿ ಬೇಕು? ಹಳೇಬೀಡಿನ ದೇವಸ್ಥಾನದ ಅಂಗಳದಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ಓಡಿದವರಿಗೆ ಗೊತ್ತು, ಗಾಳಿ ಬೇರೆ, ಕಲ್ಲು ಬೇರೆ. ಅಲ್ಲಿ ಥರ್ಮಾಮೀಟರ್ ಇಟ್ಟರೆ ಅದು ಹೇಳೋದು ಕಲ್ಲಿನ ಕಥೆ. ಫೋನ್ ಹೇಳೋದು ಇಡೀ ಪ್ರದೇಶದ ಅಂದಾಜು, ನಿಮ್ಮ ಡೇರೆಯದ್ದಲ್ಲ.

ಗಾಳಿಯನ್ನೇ ಅಳೆಯೋ ಕೆಲಸ ನಮ್ಮ ಜಿಲ್ಲೆಗೂ ಬಂತು. ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಬರೆದ 1893ರ ಮೈಸೂರು ಹವಾಮಾನ ವರದಿಯಲ್ಲಿ ಬೆಂಗಳೂರು, ಮೈಸೂರು, ಚಿತ್ರದುರ್ಗದ ಜೊತೆ ಹಾಸನದ ಲೆಕ್ಕವೂ ಇದೆ. ಬೇಲೂರಿಗೆ, ಅರಸೀಕೆರೆಗೆ ಅದೇ ಹತ್ತಿರದ್ದು.

ಇನ್ನು ರಾತ್ರಿ ಚಳಿ. ಅತಿ ಹೆಚ್ಚು ಚಳಿ ಬೆಳಗಿನ ಜಾವ, ಎಲ್ಲರೂ ಮಲಗಿದ್ದಾಗ. ಯಾರು ಎದ್ದು ನೋಡ್ತಾರೆ? 1780ರಲ್ಲೇ ಇಂಗ್ಲೆಂಡಿನ ಜೇಮ್ಸ್ ಸಿಕ್ಸ್ ಇದಕ್ಕೊಂದು ಉಪಾಯ ಮಾಡಿದ. ಬಾಗಿದ ಗಾಜಿನ ಕೊಳವೆಯೊಳಗೆ ಪುಟ್ಟ ಗುರುತುಕಡ್ಡಿ, ಉಷ್ಣಾಂಶ ಎಲ್ಲಿವರೆಗೆ ಇಳಿಯಿತೋ ಅಲ್ಲೇ ನಿಂತುಬಿಡುತ್ತೆ. ಪಾದರಸ ಇದ್ದಿದ್ದರಿಂದ ಬ್ಯಾಗಲ್ಲಿ ಅಡ್ಡ ಮಲಗಿಸೋಕಾಗಲ್ಲ ಅನ್ನೋದೊಂದೇ ತಲೆನೋವು. ಇವತ್ತಿನ ಸಾದಾ ಡಿಜಿಟಲ್‌ನಲ್ಲಿ "ಮಿನ್" ಬಟನ್ ಮಾಡೋದು ಇದೇ ಕೆಲಸ. ನನ್ನ ವೋಟು ಅದಕ್ಕೇ. ಎರಡು ದಶಮಾಂಶ ತೋರಿಸೋದಕ್ಕೆ ಕಾಸು ಸುರಿಯೋದು ದಂಡ. ಎಷ್ಟು ಕಂಬಳಿ ಹೊರಬೇಕು ಅಂತ ಮುಂದಿನ ಸಲಕ್ಕೆ ತಿಳಿಯೋದು ರಾತ್ರಿಯ ಕನಿಷ್ಠದಿಂದ. ಡೇರೆ ಒಳಗೆ ಒಂದು, ಹೊರಗೆ ನೆರಳಲ್ಲಿ ಎದೆಮಟ್ಟಕ್ಕೆ ಒಂದು ನೇತುಹಾಕಿದರೆ ಇನ್ನೂ ಚೆನ್ನ. ನಮ್ಮ ಉಸಿರಿಗೇ ಡೇರೆ ಒಳಗೆ ಬಿಸಿಯಾಗುತ್ತೆ.

ತಂದಮೇಲೆ ಕುದಿಯೋ ನೀರಲ್ಲಿ ಅದ್ದಿ "100 ಬರ್ತಿಲ್ಲ, ಡೂಪ್ಲಿಕೇಟ್" ಅಂತ ವಾಪಸ್ ಮಾಡಬೇಡಿ. ಅರಸೀಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ, ಇಲ್ಲಿ ನೀರು ಕುದಿಯೋದೇ ಸುಮಾರು 97ಕ್ಕೆ. 1,930 ಮೀಟರಿನ ಮುಳ್ಳಯ್ಯನಗಿರಿ ಮೇಲೆ 93–94ಕ್ಕೆ. ಹಿಂದಿನ ಸರ್ವೆಯವರು ನೀರು ಕುದಿಸಿಯೇ ಬೆಟ್ಟದ ಎತ್ತರ ಕಂಡುಕೊಳ್ತಿದ್ರು. ನೀವು ಕಡ್ಡಿ ಇರೋ ವಾಟರ್‌ಪ್ರೂಫ್ ಮಾದರಿ ತಗೊಂಡು ಪುಡಿ ಐಸು, ಸ್ವಲ್ಪ ನೀರು ಕಲಸಿ ಅದ್ದಿ ನೋಡಿ. ಎತ್ತರ ಎಷ್ಟಿದ್ರೂ ಸೊನ್ನೆಯ ಹತ್ತಿರ ನಿಲ್ಲಬೇಕು.

#ನಮ್ಮಸೀಮೆಚರಿತ್ರೆ #ಅರಸೀಕೆರೆ #ಬೇಲೂರು #ಹಳೇಬೀಡು