ಉತಾರದಾಗಿನ ಹೆಸರು ಯಾರದು?

ಮುಂಬೈಗೆ ಬಂದು ಮೂವತ್ತು-ನಲವತ್ತು ವರ್ಷ ಕಳೆದ ನಮ್ಮ ಕಡೆಯ ಜನ ಇಬ್ಬರು ಕೂಡಿದರೆ ಮಾತು ಕೊನೆಗೆ ಊರಿನ ಹೊಲಕ್ಕೇ ಬಂದು ನಿಲ್ಲುತ್ತದೆ. "ಹೊಲ ಈಗ ಯಾರ ಹೆಸರಿನ್ಯಾಗ ಐತ್ರೀ?" ಅಂತ ಒಬ್ಬರು. "ಉತಾರ ತಗಿಸಿ ನೋಡ್ರಿ, ಗೊತ್ತಾಗ್ತೈತಿ" ಅಂತ ಇನ್ನೊಬ್ಬರು. ಆದರೆ ಉತಾರದಲ್ಲಿ ಹೆಸರು ಇದ್ದವನೇ ಯಜಮಾನ ಅಂತ ಹೇಳಲಿಕ್ಕೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಅನ್ನುವುದು ಆ ಕಾಗದ ಹುಟ್ಟಿದ ಕಥೆಯಲ್ಲೇ ಇದೆ.

1818ರಲ್ಲಿ ಪೇಶ್ವೆಗಳ ರಾಜ್ಯ ಕಂಪನಿ ಸರಕಾರದ ಕೈಗೆ ಬಂತು. ಪ್ರಿಂಗಲ್ ಎಂಬ ಅಧಿಕಾರಿ ಮಾಡಿದ ಮೊದಲ ಕಂದಾಯದ ಲೆಕ್ಕ ರೈತರಿಗೆ ಭಾರವಾಗಿ ಕೆಟ್ಟುಹೋಯಿತು. ಆಮೇಲೆ 1835ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಹೊಸದಾಗಿ ಅಳತೆ ಶುರುಮಾಡಿದರು. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು, ಮಣ್ಣಿನ ಗುಣಕ್ಕೆ ಆಣೆಯ ಲೆಕ್ಕ, ಮೂವತ್ತು ವರ್ಷಕ್ಕೆ ಒಂದೇ ಕಂದಾಯ. 1840ರ ದಶಕದಲ್ಲಿ ವಿಂಗೇಟ್ ಧಾರವಾಡ ಸೀಮೆಗೂ ಬಂದ. ನಾವು ಇವತ್ತಿಗೂ ಹೇಳುವ ಎಕರೆ-ಗುಂಟೆ ಅದೇ ಪದ್ಧತಿಯದು: 33 ಅಡಿ ಉದ್ದ, 33 ಅಡಿ ಅಗಲ ಒಂದು ಗುಂಟೆ, ಅಂಥ 40 ಗುಂಟೆಗೆ ಒಂದು ಎಕರೆ.

ಇಷ್ಟೆಲ್ಲ ಅಳೆದದ್ದು ಯಾತಕ್ಕೆ? ಕಂದಾಯ ಯಾರಿಂದ ವಸೂಲು ಮಾಡಬೇಕು ಅಂತ ತಿಳಿಯಲಿಕ್ಕೆ. ಸರಕಾರಕ್ಕೆ ಹಣ ಕಟ್ಟುವವನ ಹೆಸರು ಬೇಕಿತ್ತು, ಅಷ್ಟೇ. ಆ ಹೊಲದಲ್ಲಿ ಅಣ್ಣತಮ್ಮಂದಿರು ಎಷ್ಟು ಮಂದಿ, ಒತ್ತೆ ಹಿಡಿದವನು ಯಾರು, ಯಾರಿಗೆ ಮಾರಿದ್ದಾರೆ, ಇದೆಲ್ಲ ದಫ್ತರಕ್ಕೆ ಬೇಕಿರಲಿಲ್ಲ. ಈ ಕೊರತೆ ನೀಗಲಿಕ್ಕೆ 1903ರಲ್ಲಿ ಮುಂಬೈ ಇಲಾಖೆಯಲ್ಲಿ ಹಕ್ಕುಪತ್ರಕದ ಕಾಯ್ದೆ ಬಂತು. ಮಹಾರಾಷ್ಟ್ರದಲ್ಲಿ ಇವತ್ತಿಗೂ ಗ್ರಾಮ ನಮೂನೆ 6 ಅಂದರೆ ಹಕ್ಕು ಬದಲಾದ ದಾಖಲೆ. ಅದಕ್ಕೆ ಮರಾಠಿಯಲ್ಲಿ 'ಫೇರಫಾರ್' ಅನ್ನುತ್ತಾರೆ. ನಮೂನೆ 7 ಹಕ್ಕಿನದು, 12 ಬೆಳೆಯದು. ಎರಡೂ ಕೂಡಿ 'ಸಾತ್ ಬಾರಾ'. 1956ರ ನವೆಂಬರ್ 1ಕ್ಕೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಕಾಗದದ ನಮೂನೆ ಬದಲಾಯಿತು, 'ಉತಾರ' ಅನ್ನುವ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು.

ಕಾಯ್ದೆ ಸುಧಾರಿಸಿದರೂ ಕಾಗದದ ಸ್ವಭಾವ ಪೂರ್ತಿ ಬದಲಾಗಲಿಲ್ಲ. ತಪ್ಪೆಂದು ಸಾಬೀತಾಗುವವರೆಗೆ ಅದರಲ್ಲಿದ್ದದ್ದು ಸರಿ ಅಂತ ತಿಳಿಯಬೇಕು ಎನ್ನುತ್ತವೆ ಎರಡೂ ರಾಜ್ಯಗಳ ಕಾಯ್ದೆಗಳು. ಬರೀ ಖಾತೆ ಬದಲಾದರೆ ಮಾಲಕಿ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ.

ಇದು ವಕೀಲರ ಮಾತಾಯಿತು. ಮನೆತನಗಳಿಗೆ ಇದರ ಬಿಸಿ ತಟ್ಟುವುದು ಹೇಗೆ ನೋಡಿ. ಮಹಾರಾಷ್ಟ್ರದ ಹಳೆಯ ಉತಾರಗಳಲ್ಲಿ ಹಿರಿಯನ ಹೆಸರಿನ ಪಕ್ಕ 'ಎ.ಕು.ಮ್ಯಾ.' ಅಂತ ಬರೆದಿರುತ್ತದೆ. 'ಏಕತ್ರ ಕುಟುಂಬ ಮ್ಯಾನೇಜರ್', ಅಂದರೆ ಇವನು ಒಟ್ಟು ಕುಟುಂಬದ ಪರವಾಗಿ ನೋಡಿಕೊಳ್ಳುವವನು. ತಮ್ಮಂದಿರು ಗಿರಣಿ, ಹೋಟೆಲು, ರೈಲ್ವೆ ಅಂತ ಮುಂಬೈ ಹಿಡಿದರು. ಅಣ್ಣ ಊರಲ್ಲಿ ಉಳಿದು ಕಂದಾಯ ಕಟ್ಟಿದ. ಅಣ್ಣ ತೀರಿಕೊಂಡ ಮೇಲೆ ಅವನ ಮಕ್ಕಳ ಹೆಸರು ಮಾತ್ರ ಏರಿತೆನ್ನಿ, ಆ ಮೂರು ಚಿಕ್ಕ ಅಕ್ಷರ ಬಿಟ್ಟುಹೋದವೆನ್ನಿ, ಇವತ್ತಿನ ಕಾಗದದಲ್ಲಿ ತಮ್ಮಂದಿರು ಇದ್ದರೆಂಬ ಗುರುತೇ ಇಲ್ಲ! ಹೆಣ್ಣುಮಕ್ಕಳ ಹೆಸರಂತೂ ಎಷ್ಟೋ ಮನೆಗಳಲ್ಲಿ ಏರಲೇ ಇಲ್ಲ. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಕರ್ನಾಟಕ, ಮಹಾರಾಷ್ಟ್ರಗಳಲ್ಲಿ 1994ರಲ್ಲೇ ಇಂಥ ತಿದ್ದುಪಡಿ ಆಗಿತ್ತು. ಹೆಸರಿಲ್ಲ ಅಂದಮಾತ್ರಕ್ಕೆ ಪಾಲು ಹೋಗುವುದಿಲ್ಲ ನಿಜ. ಆದರೆ ಪಾಲು ಇತ್ತು ಅಂತ ತೋರಿಸಲು ಹಳೆಯ ಕಾಗದ ಬೇಕು.

ಹಾಗಾಗಿ ಯಜಮಾನನನ್ನು ಹುಡುಕುವವರು ಹಿಂದಕ್ಕೆ ನಡೆಯಬೇಕು. ಇವತ್ತಿನ ಉತಾರದಲ್ಲಿ ಹೆಸರಿನ ಜೊತೆಗೇ ಹಕ್ಕು ಬದಲಾವಣೆಯ ನಂಬರು ಇರುತ್ತದೆ. ಆ ನಂಬರಿನ ನೋಂದು ತೆಗೆಸಿದರೆ ಹೆಸರು ಹೇಗೆ ಬಂತು ಗೊತ್ತಾಗುತ್ತದೆ: ಖರೀದಿಯೋ, ವಾರಸಾವೋ, ವಾಟ್ಣಿಯೋ. ಅದರಿಂದ ಅದರ ಹಿಂದಿನದು, ಹೀಗೇ ಅಜ್ಜ-ಮುತ್ತಜ್ಜನವರೆಗೆ. ಖರೀದಿ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ 1ನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಫೀ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮೊದಲ ಸೂಚಿಯಲ್ಲಿ ಜನರ ಹೆಸರಿನಿಂದ, ಎರಡನೆಯದರಲ್ಲಿ ಜಾಗದಿಂದ ಹುಡುಕಬಹುದು. ಆದರೆ ಮೃತ್ಯುಪತ್ರಕ್ಕೆ ನೋಂದಣಿ ಕಡ್ಡಾಯವಲ್ಲ, ಬಾಯಿಮಾತಿನ ವಾಟ್ಣಿಗೆ ಕಾಗದವೇ ಇಲ್ಲ. ಅದನ್ನು ಮರೆಯಬೇಡಿ.

ಇನ್ನು ಮುಂಬೈಯಲ್ಲೇ ಜಾಗ ಹುಡುಕುವುದಾದರೆ? ಕೊಲಾಬಾದಿಂದ ಮಾಹಿಮ್-ಸಾಯನ್ ತನಕದ ಹಳೆಯ ನಗರವನ್ನು ಲಾಟನ್ ಎಂಬ ಅಧಿಕಾರಿ 1865ರಿಂದ 1872ರವರೆಗೆ ಅಳೆಸಿದ. 1915-18ರಲ್ಲಿ ಮತ್ತೆ ಅಳತೆಯಾಗಿ 'ಸಿ.ಎಸ್. ನಂಬರು' ಬಂತು. ಉಪನಗರದಲ್ಲಿ 'ಸಿ.ಟಿ.ಎಸ್. ನಂಬರು'. ಇಲ್ಲಿ ನೋಡಬೇಕಾದದ್ದು ಪ್ರಾಪರ್ಟಿ ಕಾರ್ಡು. ಮಹಾನಗರ ಪಾಲಿಕೆಯ ಬಿಲ್ಲಿನ ಹೆಸರು ತೆರಿಗೆ ಕಟ್ಟುವವನದು. ಅಲ್ಲಿಯೂ ಅದೇ ಹಳೆಯ ಕಥೆ!

ಈಗ ಕಂಪ್ಯೂಟರಿನಲ್ಲಿ ಉತಾರ ಕ್ಷಣದಲ್ಲಿ ಸಿಗುತ್ತದೆ. ಕರ್ನಾಟಕದ 'ಭೂಮಿ', ಮಹಾರಾಷ್ಟ್ರದ 'ಮಹಾಭೂಲೇಖ' ಎರಡೂ ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಮೊದಲು ಕಾಣುವುದು ಇವತ್ತಿನ ಹೆಸರು. ಮನೆತನದ ಕಥೆ ಇರುವುದು ಕೈಬರಹದ ಹಳೆಯ ನೋಂದುಗಳಲ್ಲಿ. ಮಹಾರಾಷ್ಟ್ರದ ಕಡೆ ಅವುಗಳಲ್ಲಿ ಕೆಲವು ಮೋಡಿ ಲಿಪಿಯಲ್ಲಿವೆ, ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಈ ಸಲ ಜಾತ್ರೆಗೋ ಮದುವೆಗೋ ಊರಿಗೆ ಹೋದರೆ ತಹಶೀಲ್ದಾರ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟು ಆ ಹಳೆಯ ನೋಂದುಗಳ ನಕಲು ತಗೊಂಡು ಬನ್ನಿ. ಜಗಳ ಹೂಡಲಿಕ್ಕೇ ಅಂತಲ್ಲ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇನ್ನೂ ಮಾತಾಡಿಕೊಂಡಿರುವಾಗಲೇ ಎಲ್ಲರೂ ಕೂತು ಓದಿದರೆ, ಯಾರ ಹೆಸರು ಬಿಟ್ಟಿದೆ ಅಂತ ಎಲ್ಲರಿಗೂ ಕಾಣುತ್ತದೆ.