ಗಂಧರ್ವಕನ್ಯೆಯ ಹೆಸರು

(ಬಾನುಲಿ ಭಾಷಣ)

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಣ್ಣ ಪಂಚಾಯಿತಿ ನಡೆಯಿತು. ನಮ್ಮ ಊರು ಗಂಗಾವತಿ ತಾಲೂಕಿನ ಮರಳಿ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ಸೀಮೆಯೆಲ್ಲ ನೆಲ್ಲಿನ ಸೀಮೆಯಾದ ಪ್ರದೇಶ ಅದು. ಪಂಚಾಯಿತಿಯ ಆರೋಪಿ ನನ್ನ ಅಣ್ಣನ ಮೊಮ್ಮಗಳು. ಪಿಯುಸಿ ಎರಡನೆಯ ವರ್ಷದ ಹುಡುಗಿ. ಭೌತಶಾಸ್ತ್ರದ ಪುಸ್ತಕದೊಳಗೆ ಅವಳು ಇಟ್ಟುಕೊಂಡು ಓದುತ್ತಿದ್ದ ಕಪ್ಪು ರಟ್ಟಿನ ಇಂಗ್ಲಿಷ್ ಕಾದಂಬರಿಯೇ ಅಪರಾಧದ ಸಾಕ್ಷಿ. ಅದರಲ್ಲಿ ಹದಿನೇಳರ ಹುಡುಗಿಯೊಬ್ಬಳು ರಕ್ತ ಕುಡಿದು ಬದುಕುವ, ಸಾವಿಲ್ಲದ ತರುಣನೊಬ್ಬನನ್ನು ಪ್ರೀತಿಸುತ್ತಾಳೆ.

"ಸಾಲಿ ಓದೂದು ಬಿಟ್ಟು ದೆವ್ವದ ಜೋಡಿ ಲಗ್ನ ಆಗೋ ಕಥಿ ಓದ್ತಾಳ. ನೀ ಮಾಸ್ತರಿಕಿ ಮಾಡಿದಾಂವ, ನೀನ ಒಂದು ಮಾತು ಹೇಳಪಾ" ಎಂದು ಅಣ್ಣ ಪುಸ್ತಕವನ್ನು ನನ್ನ ಮುಂದಿಟ್ಟ. ಮಾತು ಹಗುರವಾಗಿ ಕೇಳಿಸಿದರೂ ವಿಷಯ ಹಗುರವಾಗಿರಲಿಲ್ಲ. ಪರೀಕ್ಷೆಯಲ್ಲಿ ಅಂಕ ಇಳಿದರೆ ಕಾಲೇಜು ಬಿಡಿಸಿ ವರ ನೋಡುವುದೆಂದು ಮನೆಯಲ್ಲಿ ಆಗಲೇ ಪಿಸುಮಾತು ನಡೆದಿತ್ತು. ಹುಡುಗಿಗೂ ಅದು ಗೊತ್ತಿತ್ತು. ಆಕೆ ನನ್ನನ್ನು ನೋಡದೆ ನೆಲ ನೋಡುತ್ತ ಕುಳಿತಿದ್ದಳು.

ಓದದ ಪುಸ್ತಕದ ಮೇಲೆ ತೀರ್ಪು ಕೊಡುವುದು ನನಗೆ ಒಗ್ಗದ ಕೆಲಸ. ಎರಡು ದಿನ ಸಮಯ ಕೇಳಿ, ಕನ್ನಡಕ ಒರೆಸಿಕೊಂಡು ಓದಿದೆ. ಪುಸ್ತಕ ಅರ್ಧಕ್ಕಿಂತ ಮುಂದೆ ಬಹಳ ಜಗ್ಗಾಡುತ್ತದೆ; ನಾಯಕನ ಮೈಬಣ್ಣದ ವರ್ಣನೆ ಇಪ್ಪತ್ತು ಸಲ ಬರುತ್ತದೆ. ಆದರೆ ಓದುತ್ತಿದ್ದಂತೆ ಈ ಹಾದಿಯಲ್ಲಿ ನಾನು ಮೊದಲೂ ನಡೆದಿದ್ದೇನೆ ಎನ್ನಿಸತೊಡಗಿತು. ಮಾನವರಲ್ಲದವರೊಡನೆ ಮಾನವರ ಒಲವು, ಸಾವಿಗೆ ಸೋಲದ ದೇಹ, ನೂರಾರು ವರ್ಷ ಕಾಯುವ ಪ್ರೇಮ: ಇದನ್ನೆಲ್ಲ ನಾನು ಎಲ್ಲಿ ಓದಿದ್ದೆ? ಉತ್ತರ ಆ ಪುಸ್ತಕವನ್ನು ನಾವು ಕನ್ನಡದಲ್ಲಿ ಕರೆಯುವ ಹೆಸರಿನಲ್ಲಿಯೇ ಇತ್ತು. ಕಾದಂಬರಿ!

ಈ ಶಬ್ದವನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಅದು ಒಬ್ಬ ಹೆಣ್ಣಿನ ಹೆಸರೆಂಬುದನ್ನು ಮರೆತಿದ್ದೇವೆ. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟನ ಗದ್ಯಕಾವ್ಯದ ನಾಯಿಕೆ ಆಕೆ, ಗಂಧರ್ವರಾಜನ ಮಗಳು. ಹತ್ತನೆಯ ಶತಮಾನದ ಕೊನೆಯ ಭಾಗದವನೆಂದು ವಿದ್ವಾಂಸರು ಗಣಿಸುವ ನಾಗವರ್ಮ ಆ ಕಥೆಯನ್ನು 'ಕರ್ಣಾಟಕ ಕಾದಂಬರಿ' ಎಂದು ಚಂಪುವಿನಲ್ಲಿ ಕನ್ನಡಿಸಿದ. ಬಾಣನ ದಟ್ಟಡವಿಯಂತಹ ವಾಕ್ಯಗಳ ನಡುವೆ ಕಾಲುದಾರಿ ಬಿಡಿಸಿದ ಪುಣ್ಯಾತ್ಮ ಅವನು.

ಕಥೆ ಹೀಗಿದೆ. ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ ಕಿನ್ನರ ಜೋಡಿಯೊಂದನ್ನು ಬೆನ್ನಟ್ಟಿ ದಾರಿ ತಪ್ಪುತ್ತಾನೆ. ಹಿಮಾಲಯದ ಮಡಿಲಿನ ಅಚ್ಛೋದವೆಂಬ ಸರೋವರವನ್ನು ಸೇರುತ್ತಾನೆ. ಅಲ್ಲಿ ವೀಣೆ ನುಡಿಸುತ್ತ ತಪಸ್ವಿನಿಯಾಗಿ ಕುಳಿತಿದ್ದಾಳೆ ಮಹಾಶ್ವೇತೆ. ಅವಳು ಪ್ರೀತಿಸಿದ ಮುನಿಕುಮಾರ ಪುಂಡರೀಕ ವಿರಹ ತಾಳದೆ ಸತ್ತಿದ್ದಾನೆ; ಚಂದ್ರಮಂಡಲದಿಂದ ಇಳಿದ ದಿವ್ಯಪುರುಷನೊಬ್ಬ ಅವನ ದೇಹವನ್ನು ಎತ್ತಿಕೊಂಡು, ಮತ್ತೆ ನಿಮ್ಮ ಸಮಾಗಮವಾಗುತ್ತದೆಂದು ಹೇಳಿ ಹೋಗಿದ್ದಾನೆ. ಅಂದಿನಿಂದ ಆಕೆ ಕಾಯುತ್ತಿದ್ದಾಳೆ. ಅವಳ ಗೆಳತಿಯೇ ಕಾದಂಬರಿ. ಚಂದ್ರಾಪೀಡನಿಗೂ ಕಾದಂಬರಿಗೂ ಒಲವು ಹುಟ್ಟುತ್ತದೆ. ಬಾಯಿಬಿಟ್ಟು ಹೇಳುವ ಮೊದಲೇ ಅವನು ಊರಿಗೆ ಮರಳಬೇಕಾಗುತ್ತದೆ. ಮುಂದೆ ಅವನೂ ಎದೆಯೊಡೆದು ಸಾಯುತ್ತಾನೆ. ಆದರೆ ದೇಹ ಕೆಡುವುದಿಲ್ಲ. ಕಾದಂಬರಿ ಆ ದೇಹವನ್ನು ಕಾಯುತ್ತ ಕುಳಿತುಕೊಳ್ಳುತ್ತಾಳೆ. ಅವನು ಶಾಪಕ್ಕೊಳಗಾದ ಚಂದ್ರನೇ ಎಂಬುದೂ, ಇನ್ನೊಂದು ಜನ್ಮದಲ್ಲಿ ಶೂದ್ರಕನೆಂಬ ರಾಜನಾಗಿದ್ದಾನೆಂಬುದೂ, ಪುಂಡರೀಕ ಗಿಳಿಯಾಗಿ ಹುಟ್ಟಿ ಅದೇ ರಾಜನಿಗೆ ಈ ಕಥೆ ಹೇಳುತ್ತಿದ್ದಾನೆಂಬುದೂ ಕೊನೆಗೆ ತಿಳಿಯುತ್ತವೆ.

ಇದನ್ನು ಎಂ.ಎ. ತರಗತಿಗೆ ಪಠ್ಯವಾಗಿ ಇಟ್ಟರೆ ನಮಗೆ ಅಭಿಮಾನ. ಇದರ ದೂರದ ನೆಂಟನನ್ನು ಹುಡುಗಿ ಭೌತಶಾಸ್ತ್ರದ ಪುಸ್ತಕದೊಳಗೆ ಇಟ್ಟರೆ ನಮಗೆ ಗಾಬರಿ.

ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಬಾಣನ ಕಥಾವಸ್ತುವಿನ ಮೂಲ ಗುಣಾಢ್ಯನ 'ಬೃಹತ್ಕಥೆ'ಯೆಂದು ಪಂಡಿತರು ಹೇಳುತ್ತಾರೆ. ಆ ಕೃತಿ ಈಗ ಉಳಿದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ರಾಣಿ ಸೂರ್ಯಮತಿಯ ಮನೋವಿನೋದಕ್ಕೆಂದು ಬರೆದ 'ಕಥಾಸರಿತ್ಸಾಗರ'ದಂತಹ ಕೃತಿಗಳಿಂದ ಅದರ ಸ್ವರೂಪವನ್ನು ಊಹಿಸಬೇಕು. ಗೋದಾವರಿಯ ದಂಡೆಯ ಪ್ರತಿಷ್ಠಾನದಲ್ಲಿ, ಸಾತವಾಹನ ದೊರೆಯ ಆಸ್ಥಾನದಲ್ಲಿ ಗುಣಾಢ್ಯನಿದ್ದನಂತೆ. ಒಂದು ಪಂಥದಲ್ಲಿ ಸೋತು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತೊರೆದ ಅವನಿಗೆ ಉಳಿದದ್ದು ಪೈಶಾಚಿಯೊಂದೇ. ಆ ಭಾಷೆಯಲ್ಲಿ ವಿದ್ಯಾಧರರ ಕಥೆಯನ್ನು ಏಳು ಲಕ್ಷ ಶ್ಲೋಕಗಳಲ್ಲಿ, ಮಸಿಯಿಲ್ಲದ ಕಾಡಿನಲ್ಲಿ ತನ್ನ ರಕ್ತದಿಂದಲೇ ಬರೆದನಂತೆ. ಪಿಶಾಚರ ಮಾತು, ರಕ್ತದ ಬರವಣಿಗೆ ಎಂದು ದೊರೆ ಮೂಗು ಮುರಿದ. ನೊಂದ ಗುಣಾಢ್ಯ ಬೆಟ್ಟದ ಮೇಲೆ ಬೆಂಕಿ ಹಾಕಿ, ಒಂದೊಂದೇ ಪುಟವನ್ನು ಓದಿ ಓದಿ ಉರಿಗೆ ಒಡ್ಡಿದ. ಕಾಡಿನ ಮೃಗಗಳು ಮೇವು ಮರೆತು ಕಣ್ಣೀರಿಡುತ್ತ ಸುತ್ತ ನಿಂತು ಕೇಳಿದವು. ಮೃಗಗಳು ಬಡವಾದುದರಿಂದ ಅರಮನೆಯ ಅಡುಗೆಯ ಮಾಂಸ ಒಣಗಿ, ದೊರೆ ಕಾಯಿಲೆ ಬಿದ್ದು, ಕಾರಣ ಹುಡುಕಿಕೊಂಡು ಬರುವ ಹೊತ್ತಿಗೆ ಆರು ಲಕ್ಷ ಶ್ಲೋಕಗಳು ಸುಟ್ಟುಹೋಗಿದ್ದವು.

ಇದು ಇತಿಹಾಸವಲ್ಲ, ಐತಿಹ್ಯ. ಆದರೆ ಕನ್ನಡ ನಾಡಿಗೂ ಬೃಹತ್ಕಥೆಗೂ ಇರುವ ನಂಟಿಗೆ ಶಾಸನದ ಆಧಾರವೇ ಇದೆ: ಗಂಗ ದೊರೆ ದುರ್ವಿನೀತ ಅದನ್ನು ಸಂಸ್ಕೃತಕ್ಕೆ ತಂದನೆಂದು ಗಂಗರ ಶಾಸನ ಕೀರ್ತಿಸುತ್ತದೆ. ಒಬ್ಬ ದೊರೆ ತಳ್ಳಿದ್ದನ್ನು ಇನ್ನೊಬ್ಬ ದೊರೆ ಎತ್ತಿಕೊಂಡ ಎನ್ನೋಣ. ಅದೇ ಕಥಾಸಮೂಹದೊಳಗಿನ ಬೇತಾಳನ ಕಥೆಗಳನ್ನು ರಿಚರ್ಡ್ ಬರ್ಟನ್ ೧೮೭೦ರಲ್ಲಿ ಇಂಗ್ಲಿಷಿಗೆ ತಂದಾಗ ಬೇತಾಳನಿಗೆ 'ವ್ಯಾಂಪೈರ್' ಎಂದೇ ಹೆಸರಿಟ್ಟ. ಬ್ರಾಮ್ ಸ್ಟೋಕರನ 'ಡ್ರಾಕುಲಾ' ಬಂದದ್ದು ೧೮೯೭ರಲ್ಲಿ. ನಮ್ಮ ಹುಡುಗಿಯ ನಾಯಕನಿಗೂ ನಮ್ಮ ಮರದ ಮೇಲಿನ ಬೇತಾಳನಿಗೂ ಇಂಗ್ಲಿಷಿನಲ್ಲಿ ಒಂದೇ ಹೆಸರು ಬಿದ್ದು ಒಂದೂವರೆ ಶತಮಾನ ಕಳೆದಿದೆ!

ಕನ್ನಡದಲ್ಲಿ ಈ ಬಳ್ಳಿ ಕಾದಂಬರಿಯೊಂದಿಗೇ ನಿಲ್ಲಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ನೇಮಿಚಂದ್ರ 'ಲೀಲಾವತಿ ಪ್ರಬಂಧ'ವನ್ನು ಬರೆದ. ಸುಬಂಧುವಿನ 'ವಾಸವದತ್ತೆ'ಯ ದಾರಿಯದು. ಆದರೆ ನಾಯಕ ಕಂದರ್ಪದೇವ ನಮ್ಮ ಬನವಾಸಿಯ, ಅಂದರೆ ಜಯಂತೀಪುರದ ರಾಜಕುಮಾರ. ಕನಸಿನಲ್ಲಿ ಕಂಡ ಹುಡುಗಿಯನ್ನು ಹುಡುಕಿಕೊಂಡು ಗೆಳೆಯ ಮಕರಂದನೊಡನೆ ಹೊರಟೇಬಿಡುತ್ತಾನೆ. ಅತ್ತ ಆಕೆಯೂ ಅವನನ್ನು ಕನಸಿನಲ್ಲಿ ಕಂಡಿರುತ್ತಾಳೆ. ಓದು ಬಾರದವರಿಗೂ ಇದೇ ರುಚಿಯ ಕಥೆ ಗೊತ್ತಿತ್ತು: ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಅನಿರುದ್ಧನನ್ನು ಕಾಣುವುದು, ಸಖಿ ಚಿತ್ರಲೇಖೆ ಲೋಕದ ತರುಣರ ಚಿತ್ರಗಳನ್ನೆಲ್ಲ ಬರೆದು ತೋರಿಸಿ ಗುರುತು ಹಿಡಿಸುವುದು, ನಿದ್ದೆಯಲ್ಲಿದ್ದವನನ್ನು ದ್ವಾರಕೆಯಿಂದ ಹೊತ್ತು ತರುವುದು. ನನಗೆ ಇದನ್ನು ಹೇಳಿದವಳು ನನ್ನ ಅಜ್ಜಿ. ಅವಳಿಗೆ ಸಹಿ ಮಾಡಲು ಬರುತ್ತಿರಲಿಲ್ಲ.

ನಮ್ಮ ಕೊಪ್ಪಳ ಸೀಮೆಯಲ್ಲಿ ಕಥೆಗೆ ಪುಸ್ತಕವೇ ಬೇಕೆಂದೇನೂ ಇರಲಿಲ್ಲ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ತೊಗಲುಗೊಂಬೆಯ ಹಿಂದೆ ದೀಪ ಹಚ್ಚಿ ರಾಮಾಯಣ ಮಹಾಭಾರತಗಳನ್ನು ಜೀವಮಾನವಿಡೀ ಆಡಿಸಿದವರು ಅವರು. ಆ ಪರದೆಯ ಮೇಲೆ ಹಾರುವ ಮಂಗನೂ ಅಳುವ ರಾಣಿಯೂ ಒಂದೇ ಬೆಳಕಿನಲ್ಲಿ ಮೂಡುತ್ತಿದ್ದರು.

ನನ್ನ ಅಜ್ಜ ನಿಜಾಮರ ಆಳ್ವಿಕೆಯಲ್ಲಿ ಉರ್ದು ಕಲಿತವರು. ೧೯೪೮ರ ಸೆಪ್ಟೆಂಬರಿನವರೆಗೆ ಈ ಸೀಮೆ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತಷ್ಟೆ. ಅಜ್ಜಿಯ ಉಷೆಗೆ ಪ್ರತಿಯಾಗಿ ಅಜ್ಜ ಹಾತಿಮತಾಯಿಯ ಕಥೆ ತೆಗೆಯುತ್ತಿದ್ದರು. ಹುಸ್ನಬಾನುವನ್ನು ಪ್ರೀತಿಸಿದ ರಾಜಕುಮಾರನೊಬ್ಬನಿಗಾಗಿ ಹಾತಿಮ ಏಳು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಪರಿಗಳ, ರಾಕ್ಷಸರ ನಾಡುಗಳಲ್ಲಿ ಅಲೆಯುವ ಕಥೆ. ಇಬ್ಬರೂ ಒಬ್ಬರ ಕಥೆಯನ್ನೊಬ್ಬರು ಹೀಯಾಳಿಸುತ್ತಿದ್ದರು. ಇಬ್ಬರೂ ಕೇಳುತ್ತಿದ್ದರು.

ಸ್ಥಳೀಯವಾದ ಇನ್ನೊಂದು ಕಥೆಯನ್ನು ಬಿಟ್ಟು ಮುಂದೆ ಹೋಗಲಾರೆ. ಕುಮ್ಮಟದುರ್ಗವಿರುವುದು ನಮ್ಮ ಸೀಮೆಯಲ್ಲಿಯೇ. ೧೩೨೭ರ ಸುಮಾರಿಗೆ ದೆಹಲಿಯ ಸೈನ್ಯಕ್ಕೆ ಅಳಿದುಹೋದ ಕಂಪಿಲಿಯ ರಾಜ್ಯದ ನೆನಪು ಜನರ ಬಾಯಲ್ಲಿ ಬೆಳೆದು, ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿಯ ಸಾಂಗತ್ಯವಾಯಿತು. ಯುವಕ ಕುಮಾರರಾಮನ ಚೆಂಡು ಚಿಕ್ಕ ಮಲತಾಯಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅವಳು ಮೋಹಿಸುತ್ತಾಳೆ, ಅವನು ಒಲ್ಲೆನೆನ್ನುತ್ತಾನೆ. ಅವಳ ದೂರಿನಿಂದ ತಂದೆಯೇ ಅವನ ತಲೆ ತೆಗೆಯಿಸಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೆ ತಲೆಯನ್ನು ತೋರಿಸುತ್ತಾನೆ. ಸತ್ತನೆಂದು ಊರೆಲ್ಲ ಅತ್ತವನು ಶತ್ರು ಬಂದ ದಿನ ನೆಲದಡಿಯಿಂದ ಎದ್ದು ಬರುತ್ತಾನೆ. ಹುಡುಗನಾಗಿದ್ದಾಗ ನನಗೆ ಪ್ರಿಯವಾಗಿದ್ದುದು ಅವನ ಯುದ್ಧಗಳಲ್ಲ, ಆ ನೆಲಮಾಳಿಗೆ. ಅಲ್ಲಿ ಕತ್ತಲೆಯಲ್ಲಿ ಕುಳಿತು ಅವನು ಏನು ಯೋಚಿಸುತ್ತಿದ್ದ ಎಂದು ನಾನು ಗಣಿತದ ಪಾಠದ ಹೊತ್ತಿನಲ್ಲಿ ಯೋಚಿಸುತ್ತಿದ್ದೆ.

ಆ ಯೋಚನೆಗೆ ದಂಡವನ್ನೂ ತೆತ್ತೆ. ಏಳನೆಯ ಇಯತ್ತೆಯಲ್ಲಿ ಬೆಂಚಿನ ಕೆಳಗೆ ಇಟ್ಟುಕೊಂಡು ಓದುತ್ತಿದ್ದ ಬೇತಾಳನ ಕಥೆಗಳ ಪುಸ್ತಕವನ್ನು ಮಾಸ್ತರರೊಬ್ಬರು ಕಿತ್ತುಕೊಂಡು, ಎಲ್ಲರೆದುರಿಗೆ ಹರಿದರು. ಅವರು ಕೆಟ್ಟವರಲ್ಲ, ನನ್ನ ಹಿತವನ್ನೇ ಬಯಸಿದ್ದರು. ಆದರೆ ಆ ಪುಸ್ತಕ ನನ್ನದಾಗಿರಲಿಲ್ಲ, ಗೆಳೆಯನದು. ಅವನಿಗೆ ದುಡ್ಡು ಕೊಡಲಾರದೆ ಒಂದು ವರ್ಷ ಅವನ ಕಣ್ಣು ತಪ್ಪಿಸಿ ಓಡಾಡಿದೆ.

ಗಂಧರ್ವಕನ್ಯೆಯ ಹೆಸರು ಪುಸ್ತಕದ ಜಾತಿಯೊಂದಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಗ್ಲಿಷಿನ 'ನಾವೆಲ್' ನಮ್ಮಲ್ಲಿಗೆ ಬಂದಾಗ ಮರಾಠಿಗರು ಅದಕ್ಕೆ 'ಕಾದಂಬರಿ' ಎಂದರು; ಕನ್ನಡದಲ್ಲಿಯೂ ಅದೇ ನಿಂತಿತು. ಅದೇ ಶತಮಾನದಲ್ಲಿ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ಕಾದಂಬರಿಯನ್ನು ಕನ್ನಡ ಗದ್ಯಕ್ಕೆ ತಂದಿದ್ದರು. ಹೆಸರು ಓದುಗರಿಗೆ ಹೊಸದಾಗಿರಲಿಲ್ಲ. ಆದರೆ ಒಂದು ವಿಚಿತ್ರ ನಡೆಯಿತು. ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದಿತು. ವಿಧವೆಯ ಬಾಳು, ಮಠಗಳ ಡಾಂಭಿಕತೆ, ವಿದ್ಯೆಯ ಬೆಲೆ ಅದರ ವಸ್ತು. ಅದು ಬರಲೇಬೇಕಾಗಿತ್ತು. ಅದರ ಹಿಂದೆಯೇ ನಡೆದ ಸಾಮಾಜಿಕ ಕಾದಂಬರಿಗಳ ದೊಡ್ಡ ಸಾಲು ನಮ್ಮ ಹೆಮ್ಮೆ. ಆದರೆ ಮನೆಗೆ ಗಂಧರ್ವಕನ್ಯೆಯ ಹೆಸರನ್ನು ಇಟ್ಟುಕೊಂಡವರು ಅವಳನ್ನೇ ಹೊರಗೆ ಕಳಿಸಿದರು.

ಆಕೆ ಹೊರಗೆ ಹೋದದ್ದು ಇಡಿಯಾಗಿ ಅಲ್ಲ, ಎರಡು ತುಂಡಾಗಿ. ಅದ್ಭುತವೆಲ್ಲ ಮಕ್ಕಳ ಪಾಲಾಯಿತು. ೧೯೪೭ರಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ, ೧೯೪೯ರಲ್ಲಿ ಕನ್ನಡಕ್ಕೂ ಬಂದ 'ಚಂದಮಾಮ'ದಲ್ಲಿ ಬೇತಾಳ ತಿಂಗಳು ತಿಂಗಳೂ ಮರವೇರುತ್ತಿದ್ದ. ಖಡ್ಗ ಹಿಡಿದು ಹೆಣ ಹೊತ್ತ ವಿಕ್ರಮನ ಚಿತ್ರ ಬರೆದ ಕಲಾವಿದ ಶಂಕರ್ ೨೦೨೦ರಲ್ಲಿ ತೀರಿಕೊಂಡಾಗ, ಮೊಮ್ಮಕ್ಕಳಿರುವ ನಾವೆಲ್ಲ ಬಾಲ್ಯದ ಬಂಧುವೊಬ್ಬ ಹೋದಂತೆ ಮರುಗಿದೆವು. ಒಲವೆಲ್ಲ ಹೆಂಗಸರ ಪಾಲಾಯಿತು. ತ್ರಿವೇಣಿ, ಎಂ.ಕೆ. ಇಂದಿರಾ ಮೊದಲಾದವರ ಕಾದಂಬರಿಗಳನ್ನು ಬಾಡಿಗೆ ಗ್ರಂಥಾಲಯಗಳಿಂದ ತಂದು ನಮ್ಮ ಅಕ್ಕಂದಿರು ಓದಿದರು. 'ಅಡುಗೆಮನೆ ಸಾಹಿತ್ಯ'ವೆಂಬ ಕುಹಕವನ್ನೂ ಕೇಳಿಸಿಕೊಂಡರು. ಉಳಿದ ಗಂಭೀರ ಲೋಕ ದೊಡ್ಡವರದು.

ಈ ಪಾಲುಪಟ್ಟಿಯಲ್ಲಿ ಯಾರಿಗೂ ನೆನಪಾಗದವರು ಹದಿನಾರು ಹದಿನೇಳರ ಹರೆಯದವರು. ಚಂದಮಾಮ ಚಿಕ್ಕದಾಯಿತು, ಸಂಸಾರದ ಕಥೆಗೆ ಇನ್ನೂ ಕಾಲ ಬಂದಿಲ್ಲ. ಮೈ ಬದಲಾಗುತ್ತಿರುವಾಗ, ಪರಿಚಿತ ಮುಖಗಳೂ ಅಪರಿಚಿತವಾಗಿ ಕಾಣುವಾಗ, ಪ್ರೀತಿಯೇ ಒಂದು ಮಾಟದಂತೆ ಇರುತ್ತದೆ. ಅದ್ಭುತವನ್ನೂ ಒಲವನ್ನೂ ಬೇರ್ಪಡಿಸಿ ಹೇಳಿದರೆ ಅವರಿಗೆ ಎರಡೂ ಸುಳ್ಳೆನಿಸುತ್ತವೆ. ನಾಗವರ್ಮ, ನೇಮಿಚಂದ್ರರ ಕಾಲದಲ್ಲಿ ಎರಡೂ ಒಂದೇ ಕೃತಿಯಲ್ಲಿದ್ದವು. ಇಂದು ಅವುಗಳನ್ನು ಹೊಲಿದು ಕೊಡುವ ಕನ್ನಡ ಪುಸ್ತಕಗಳು ಬಹಳ ಕಡಿಮೆ. ಹುಡುಗಿ ಇಂಗ್ಲಿಷಿಗೆ ಹೋದಳು. ಅವಳ ತಪ್ಪೇನು? ಅಂಗಡಿಯಲ್ಲಿ ಉಪ್ಪು ಇಡದೆ, ನೆರೆಯ ಸಂತೆಗೆ ಏಕೆ ಹೋದೆ ಎಂದು ಕೇಳಿದಂತಾಯಿತು.

ಮೂರನೆಯ ದಿನ ಪಂಚಾಯಿತಿ ಮತ್ತೆ ಕೂಡಿತು. ನಾನು ಅಣ್ಣನಿಗೆ ಇಷ್ಟೆಲ್ಲ ಹೇಳಲಿಲ್ಲ. "ಅಣ್ಣಾ, ಅಜ್ಜಿ ಹೇಳ್ತಿದ್ದ ಉಷಾ ಕಥಿ ನೆನಪೈತೇನು?" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿತ್ರಲೇಖಾ ಮಂಚ ಸಮೇತ ಹೊತ್ಕೊಂಡು ಬಂದ್ಲಲ್ಲ" ಎಂದ. "ಇದೂ ಅದ ಪೈಕಿ" ಎಂದೆ. ಅವನು ಒಪ್ಪಿದನೆಂದು ಹೇಳಲಾರೆ. ಪುಸ್ತಕವನ್ನು ಪರೀಕ್ಷೆ ಮುಗಿಯುವವರೆಗೆ ನನ್ನ ಕಪಾಟಿನಲ್ಲಿ ಇಡುವುದು, ಮುಗಿದ ದಿನವೇ ಅವಳಿಗೆ ಹಿಂದಿರುಗಿಸುವುದು ಎಂದಾಯಿತು. ವರನ ಮಾತು ಆ ವರ್ಷಕ್ಕೆ ನಿಂತಿತು.

ಅವಳು ಸೋತ ಮುಖದಿಂದ ಹೊರಟಾಗ, ನಾಗವರ್ಮನ ಕಥೆಯನ್ನು ನನಗೆ ತಿಳಿದಂತೆ ಹೇಳಿದೆ. ರಾತ್ರಿ ಊಟದ ಮೇಲೆ ಅಂಗಳದಲ್ಲಿ, ನಾಲ್ಕು ದಿನ. ಮಹಾಶ್ವೇತೆ ಅವಳಿಗೆ ಹಿಡಿಸಿದಳು. ಕಾದಂಬರಿಯ ವಿಷಯದಲ್ಲಿ ತಕರಾರಿತ್ತು. "ಬರೇ ಕಾಯೂದಾತಲ್ಲ ಅಜ್ಜಾ, ಆಕಿ ಹುಡುಕಾಕ ಹೋಗೂದಿಲ್ಲೇನು?" ಎಂದಳು. ನಿಜ, ಆಕೆ ಹೋಗುವುದಿಲ್ಲ. ಆ ಕಪ್ಪು ರಟ್ಟಿನ ಪುಸ್ತಕದ ಹುಡುಗಿ ಹೋಗುತ್ತಾಳೆ. ಇದು ಸಣ್ಣ ವ್ಯತ್ಯಾಸವಲ್ಲವೆಂದು ನನಗೂ ಅನ್ನಿಸಿತು.

ನಾಲ್ಕನೆಯ ರಾತ್ರಿ ಒಂದು ಸಂಗತಿಯನ್ನು ಹೇಳಿದೆ. ಬಾಣ ಈ ಕಥೆಯನ್ನು ಮುಗಿಸಲಿಲ್ಲ, ನಡುವೆಯೇ ತೀರಿಕೊಂಡ. ಕಥೆ ನಿಂತುಹೋಯಿತೆಂದು ಸಹೃದಯರು ಪಡುತ್ತಿದ್ದ ದುಃಖವನ್ನು ನೋಡಲಾರದೆ, ಕವಿತ್ವದ ಗರ್ವದಿಂದಲ್ಲದೆ, ತಾನು ಮುಂದುವರಿಸುತ್ತಿರುವುದಾಗಿ ಅವನ ಮಗ ಭೂಷಣಭಟ್ಟ ಉತ್ತರಾರ್ಧದ ಆರಂಭದಲ್ಲಿ ಹೇಳಿಕೊಂಡಿದ್ದಾನೆ. ಸಾವಿರದ ಮುನ್ನೂರು ವರ್ಷಗಳ ಹಿಂದೆಯೂ ಮುಂದಿನ ಭಾಗಕ್ಕಾಗಿ ಹಂಬಲಿಸಿ ಕುಳಿತವರಿದ್ದರು.

ಹುಡುಗಿ ಮೊದಲ ಸಲ ನಕ್ಕಳು. ಆಮೇಲೆ, ಕಪಾಟಿನಲ್ಲಿರುವ ಪುಸ್ತಕಕ್ಕೆ ಇನ್ನೂ ಮೂರು ಭಾಗಗಳಿವೆಯೆಂದು ತಿಳಿಸಿದಳು.